ನೋವನ್ನು ಸಹಿಸುವುದೂ ನೋವನ್ನು ಮುಚ್ಚಿಡುವುದೂ

ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದೆಂಬುದು ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಹಾಸಿಗೆ ಹಿಡಿದ ಹಿರಿಯರ ಬಾಯಲ್ಲಿ ‘ಕರ್ಮ ತೀರಬೇಕು, ಸಹಿಸಬೇಕು’ ಎಂಬ ಮಾತು ಸಹಜವಾಗಿ ಬರುತ್ತದೆ. ಆ ಮಾತಿನ ಹಿಂದೆ ಶತಮಾನಗಳ ಸಂಸ್ಕಾರವಿದೆ. ಅದನ್ನು ಹಗುರಾಗಿ ಕಾಣಬಾರದು. ಆದರೆ ಸಹಿಸಿದ್ದೆಲ್ಲವೂ ಪರೀಷಹಜಯವೇ? ನೋವನ್ನು ಸಮತೆಯಿಂದ ಹೊರುವುದು ಒಂದು. ನೋವೇ ಇಲ್ಲವೆಂದು ಮನೆಯವರಿಗೂ ವೈದ್ಯರಿಗೂ ತೋರಿಸಿಕೊಳ್ಳುವುದು ಇನ್ನೊಂದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಒಳಗೆ ಅವು ಬೇರೆ ಬೇರೆ. ಈ ಅಂತರವನ್ನು ಒಂದು ಸಾಮಾನ್ಯ ವಿಷಯದ ಮೂಲಕ ವಾಚಕರ ಮುಂದಿಡಬಯಸುತ್ತೇನೆ: ಕೀಲಿನ ಶಸ್ತ್ರಚಿಕಿತ್ಸೆಯ ಬಳಿಕ ಕಾಲಿಗೆ ಬರುವ ನೋವು ಮತ್ತು ಬಾವು. ವಿಷಯ ಚಿಕ್ಕದೆಂದು ತೋರಬಹುದು. ಆದರೆ ಅದರಲ್ಲಿ ಒಂದು ಜೀವವೂ ಒಂದು ವ್ರತವೂ ಏಕಕಾಲಕ್ಕೆ ತೂಗಾಡಿದ್ದನ್ನು ನಾನು ಸಮೀಪದಿಂದ ಕಂಡಿದ್ದೇನೆ.

ನಮ್ಮ ಅಂಕಲಗಿ, ಗೋಕಾಕ, ಹುಕ್ಕೇರಿ ಭಾಗದ ಬದುಕು ಮೊಣಕಾಲಿನ ಮೇಲೆ ನಿಂತ ಬದುಕು. ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆಯುವುದು, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದು, ನೆಲದ ಮೇಲೆ ಕುಳಿತು ಉಣ್ಣುವುದು, ಬಸದಿಯಲ್ಲಿ ಪದ್ಮಾಸನ ಹಾಕಿ ಸಾಮಾಯಿಕ ಮಾಡುವುದು — ಎಲ್ಲಕ್ಕೂ ಮೊಣಕಾಲು ಬೇಕು. ಅದು ಸವೆದರೆ ಕೋಲು ಹಿಡಿದು ಕಟ್ಟೆಯ ಮೇಲೆ ಕೂಡುವುದೊಂದೇ ಹಿಂದಿನವರಿಗಿದ್ದ ದಾರಿ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು 1962ರಲ್ಲಿ ಲೋಹ ಮತ್ತು ಗಟ್ಟಿಯಾದ ಪ್ಲಾಸ್ಟಿಕ್ಕಿನಿಂದ ಸೊಂಟದ ಕೀಲನ್ನು ಬದಲಿಸುವ ವಿಧಾನವನ್ನು ನೆಲೆಗೊಳಿಸಿದರು. 1970ರ ದಶಕದಲ್ಲಿ ಮೊಣಕಾಲಿನ ಕೀಲಿಗೂ ಅಂಥ ವಿಧಾನ ರೂಢಿಗೆ ಬಂದಿತು. ನಮ್ಮ ದೇಶದಲ್ಲಿ ಬಹುಕಾಲ ಅದು ಶ್ರೀಮಂತರ ಚಿಕಿತ್ಸೆಯಾಗಿತ್ತು. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಮೊಣಕಾಲಿನ ಕೃತಕ ಕೀಲಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿತು. ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ 54,720 ರೂಪಾಯಿ ಎಂದು ನಿಗದಿಯಾಯಿತು, ತೆರಿಗೆ ಬೇರೆ. ಇಂದು ಹಳ್ಳಿಯ ಒಕ್ಕಲು ಮನೆಗಳ ತಾಯಂದಿರೂ ಬೆಳಗಾವಿಗೆ ಹೋಗಿ ಈ ಚಿಕಿತ್ಸೆ ಮಾಡಿಸಿಕೊಂಡು ಬರುತ್ತಿದ್ದಾರೆ. ಆಸ್ಪತ್ರೆಯಲ್ಲಿ ಕಳೆಯುವುದು ಕೆಲವೇ ದಿನ. ನಿಜವಾದ ಚೇತರಿಕೆ ನಡೆಯುವುದು ಮನೆಯಲ್ಲಿ, ವೈದ್ಯರ ಕಣ್ಣಿನಿಂದ ದೂರದಲ್ಲಿ. ಆದ್ದರಿಂದಲೇ ಮನೆಯವರಿಗೆ ತಿಳಿವಳಿಕೆ ಬೇಕು.

ಶಸ್ತ್ರಚಿಕಿತ್ಸೆಯಾದ ಕಾಲು ಊದಿಕೊಳ್ಳುವುದು ಅಸಹಜವಲ್ಲ. ಎಲುಬನ್ನು ಕತ್ತರಿಸಿ, ಸುತ್ತಲಿನ ಮಾಂಸಪೇಶಿಗಳನ್ನು ಸರಿಸಿ ಕೀಲನ್ನು ಕೂಡಿಸಿದಾಗ ಶರೀರವು ಆ ಗಾಯವನ್ನು ಮಾಯಿಸಲು ರಕ್ತವನ್ನೂ ದ್ರವವನ್ನೂ ಅಲ್ಲಿಗೆ ಹರಿಸುತ್ತದೆ. ಅದು ನೆಲದ ಸೆಳೆತಕ್ಕೆ ಕೆಳಗಿಳಿದು ಕಣಕಾಲು, ಪಾದಗಳವರೆಗೂ ಬಾವು ಬರುತ್ತದೆ. ಕೆಲವರಿಗೆ ಚರ್ಮ ನೀಲಿಗಟ್ಟುತ್ತದೆ. ಕಾಲಿನ ರಕ್ತವನ್ನು ಮೇಲಕ್ಕೆ ನೂಕುವ ಕೆಲಸ ಮೀನಖಂಡದ ಸ್ನಾಯುಗಳದು. ನಡೆದಾಗ ಅವು ಹಿಂಡಿಕೊಂಡು ರಕ್ತವನ್ನು ಹೃದಯದತ್ತ ಕಳುಹಿಸುತ್ತವೆ. ನಡಿಗೆ ಕಡಿಮೆಯಾದರೆ ರಕ್ತ ಕೆಳಗೇ ನಿಲ್ಲುತ್ತದೆ. ಹೀಗಾಗಿ ಮೊದಲ ಕೆಲವು ವಾರ ಬಾವು ಹೆಚ್ಚಿದ್ದು, ಮೂರರಿಂದ ಆರು ತಿಂಗಳವರೆಗೂ ಅಷ್ಟಿಷ್ಟು ಉಳಿಯುವುದುಂಟು. ಬೆಳಿಗ್ಗೆ ಇಳಿದು ಸಂಜೆ ಏರುವ ಬಾವು, ಕಾಲನ್ನು ಎತ್ತರದಲ್ಲಿಟ್ಟರೆ ತಗ್ಗುವ ಬಾವು — ಇದಕ್ಕೆ ಹೆದರಬೇಕಾಗಿಲ್ಲ.

ಇದಕ್ಕೆ ವೈದ್ಯರು ಹೇಳುವ ಉಪಚಾರಗಳೂ ಸರಳವಾದವು. ದಿನಕ್ಕೆ ಹಲವು ಬಾರಿ ಮಲಗಿ ಕಾಲನ್ನು ಹೃದಯದ ಮಟ್ಟಕ್ಕಿಂತ ಮೇಲಿಡುವುದು. ದಿಂಬನ್ನು ಹಿಮ್ಮಡಿಯ ಕಡೆಗೆ ಇಡಬೇಕೇ ಹೊರತು ಮೊಣಕಾಲಿನ ಅಡಿಯಲ್ಲಿಟ್ಟು ಮಲಗಬಾರದು. ಹಾಗೆ ಮಾಡಿದರೆ ಕಾಲು ಮಡಿಚಿದಂತೆಯೇ ಬಿಗಿದು, ನೆಟ್ಟಗಾಗುವುದು ಕಷ್ಟವಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದಿಪ್ಪತ್ತು ನಿಮಿಷ ಇಡುವುದು. ಎಚ್ಚರವಾಗಿರುವಾಗ ಗಂಟೆಗೊಮ್ಮೆಯಾದರೂ ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಒಮ್ಮೆಲೇ ಬಹಳ ನಡೆಯದೆ, ಸ್ವಲ್ಪ ಸ್ವಲ್ಪವಾಗಿ ಅನೇಕ ಬಾರಿ ನಡೆಯುವುದು. ನೋವಿನ ಮಾತ್ರೆಯನ್ನು ಹೇಳಿದಂತೆ ತೆಗೆದುಕೊಳ್ಳುವುದು. ಮಾತ್ರೆ ಬಿಡುವುದನ್ನು ಒಂದು ತಪವೆಂದು ಎಣಿಸುವವರು ನಮ್ಮಲ್ಲಿದ್ದಾರೆ. ಆದರೆ ನೋವು ತಗ್ಗದಿದ್ದರೆ ವ್ಯಾಯಾಮ ಸಾಗದು. ವ್ಯಾಯಾಮವಿಲ್ಲದಿದ್ದರೆ ಹೊಸ ಕೀಲು ಬಿಗಿದುಕೊಳ್ಳುತ್ತದೆ. ಇಷ್ಟಕ್ಕೂ ವೇದನೆಯನ್ನೇ ಮತ್ತೆ ಮತ್ತೆ ಚಿಂತಿಸುತ್ತಿರುವುದು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದೆಂದು ನಮ್ಮ ಆಚಾರ್ಯರು ಹೇಳಿದ್ದಾರಲ್ಲವೇ? ರಾತ್ರಿಯೆಲ್ಲ ನೋವಿನಲ್ಲಿ ಹೊರಳಾಡಿ ಆರ್ತಧ್ಯಾನ ಮಾಡುವುದಕ್ಕಿಂತ ಮಾತ್ರೆ ನುಂಗಿ ಣಮೋಕಾರ ಜಪಿಸುತ್ತ ನಿದ್ರಿಸುವುದು ಲೇಸು.

ಇನ್ನೊಂದು ಬಗೆಯ ಬಾವುಂಟು. ಅದು ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದರಿಂದ ಬರುವುದು. ರಕ್ತದ ಹರಿವು ಮಂದವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದಲ್ಲಿಯೇ ಹೆಪ್ಪುಗಟ್ಟುವ ಗುಣ ಹೆಚ್ಚುವುದು — ಹೆಪ್ಪಿಗೆ ಈ ಮೂರು ಕಾರಣಗಳನ್ನು ವೈದ್ಯರು 1850ರ ದಶಕದಲ್ಲಿ ಶೋಧಿಸಿದ ಜರ್ಮನಿಯ ರುಡಾಲ್ಫ್ ವಿರ್ಖೋ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಕೀಲಿನ ಶಸ್ತ್ರಚಿಕಿತ್ಸೆಯಲ್ಲಿ ಈ ಮೂರೂ ಒಟ್ಟಿಗೆ ಕೂಡುತ್ತವೆ. ಹೆಪ್ಪು ಕಾಲಿನಲ್ಲಿದ್ದಷ್ಟು ಹೊತ್ತು ನೋವು, ಬಾವು. ಅಲ್ಲಿಂದ ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಇದನ್ನು ತಡೆಯುವುದಕ್ಕಾಗಿಯೇ ಕನಿಷ್ಠ ಹತ್ತು-ಹದಿನಾಲ್ಕು ದಿನ, ಕೆಲವರಿಗೆ ಮೂವತ್ತೈದು ದಿನಗಳವರೆಗೂ ರಕ್ತ ಹೆಪ್ಪುಗಟ್ಟದ ಔಷಧವನ್ನು ಕೊಡುತ್ತಾರೆ.

ಇಲ್ಲಿ ನನ್ನ ಅಕ್ಕನ ಅನುಭವವನ್ನು ಆಕೆಯ ಅನುಮತಿಯಿಂದಲೇ ಬರೆಯುತ್ತಿದ್ದೇನೆ. ಎಪ್ಪತ್ತರ ಸಮೀಪದ ಆಕೆ ಅಷ್ಟಮಿ, ಚತುರ್ದಶಿಗಳನ್ನು ಬಿಡದ, ಬಾಲ್ಯದಿಂದಲೂ ಅನಸ್ತಮಿತ ನಡೆಸಿಕೊಂಡು ಬಂದ ಶ್ರಾವಿಕೆ. 2023ರ ಫೆಬ್ರುವರಿಯಲ್ಲಿ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಬಲಮೊಣಕಾಲಿನ ಕೀಲನ್ನು ಬದಲಿಸಿಕೊಂಡು ಐದನೆಯ ದಿನ ಅಂಕಲಗಿಗೆ ಬಂದಳು. ಊರಿನ ನರ್ಸಬಾಯಿ ನಿತ್ಯವೂ ಬಂದು ಹೊಟ್ಟೆಯ ಚರ್ಮಕ್ಕೆ ಒಂದು ಚುಚ್ಚುಮದ್ದು ಕೊಟ್ಟು ಹೋಗುತ್ತಿದ್ದಳು. ಒಂದು ದಿನ ಕಾಲೇಜು ಓದುವ ಮೊಮ್ಮಗ ಔಷಧದ ಪೆಟ್ಟಿಗೆಯೊಳಗಿನ ಚೀಟಿಯನ್ನು ಕುತೂಹಲದಿಂದ ಓದಿ, ಇದು ಹಂದಿಯ ಕರುಳಿನಿಂದ ಮಾಡಿದ್ದೆಂದು ಅಂದುಬಿಟ್ಟ. ಅಕ್ಕ ಏನೂ ಮಾತಾಡಲಿಲ್ಲ. ಮರುದಿನ ನರ್ಸಬಾಯಿಗೆ, “ಡಾಕ್ಟರ್ ಸಾಕು ಅಂದಾರವಾ, ಇನ್ನ ಬರಬ್ಯಾಡ” ಎಂದು ಹೇಳಿ ಕಳಿಸಿದಳು. ಮನೆಯ ಯಾರಿಗೂ ಆ ಸಂಗತಿ ತಿಳಿಯಲಿಲ್ಲ.

ನಾಲ್ಕೈದು ದಿನಗಳಲ್ಲಿ ಮೀನಖಂಡದಲ್ಲಿ ನೋವು ಆರಂಭವಾಯಿತು. ಅದನ್ನೂ ಆಕೆ ಹೇಳಲಿಲ್ಲ. ಮುಖ ಬಾಡಿದ್ದನ್ನು ನೋಡಿ ನಾನು ಕೇಳಿದಾಗ, “ಬಾವು ಬರೂದು ಇದ್ದದ್ದ ತಮ್ಮಾ. ಅಸಾತಾ ಕರ್ಮ ತೀರಬೇಕಲ್ಲ, ಸುಮ್ಮನಿರು” ಎಂದಳು. ಕೊನೆಗೆ ಸ್ನಾನ ಮಾಡಿಸುತ್ತಿದ್ದ ಸೊಸೆಗೆ ಕಾಲು ಹಿಂದಿನ ದಿನಕ್ಕಿಂತ ದಪ್ಪವಾಗಿದ್ದೂ ಮುಟ್ಟಿದರೆ ಬೆಚ್ಚಗಿದ್ದೂ ಕಂಡಿತು. ಆ ಹುಡುಗಿ ಜಾಣೆ. ಹೊಲಿಗೆಯ ಟೇಪು ತಂದು ಎರಡೂ ಮೀನಖಂಡಗಳನ್ನು ಅಳೆದಳು. ಬಲಗಾಲು ನಾಲ್ಕು ಸೆಂಟಿಮೀಟರ್ ಹೆಚ್ಚಿತ್ತು. ಅಷ್ಟರಲ್ಲಿ ನೆರೆಮನೆಯ ಹಿರಿಯರೊಬ್ಬರು ಎಣ್ಣೆ ಕಾಯಿಸಿ ತಿಕ್ಕಲು ಬಂದಿದ್ದರು. ಸೊಸೆ ವಿನಯದಿಂದಲೇ ತಡೆದಳು. ಆಸ್ಪತ್ರೆಗೆ ಫೋನು ಮಾಡಿದರೆ ಕೂಡಲೇ ಕರೆತನ್ನಿರಿ ಎಂದರು. ಆ ಸಂಜೆಯೇ ಬೆಳಗಾವಿಗೆ ಹೋದೆವು. ರಕ್ತನಾಳದ ಹರಿವನ್ನು ತೋರಿಸುವ ಡಾಪ್ಲರ್ ಪರೀಕ್ಷೆಯಲ್ಲಿ ಮೊಣಕಾಲಿನ ಹಿಂದಿನ ನಾಳದಲ್ಲಿ ಹೆಪ್ಪು ಕಂಡಿತು. ಪುಣ್ಯವಶಾತ್ ಅದು ಅಲ್ಲಿಯೇ ಇತ್ತು.

ಅಕ್ಕ ಆಗ ಎಲ್ಲವನ್ನೂ ಹೇಳಿದಳು. ವೈದ್ಯರು ಸಿಟ್ಟಾಗಲಿಲ್ಲ. “ಅವ್ವಾರ, ಈ ಮಾತು ಮೊದಲ ದಿನಾನ ಹೇಳಿದ್ದರ ನಾವು ಬ್ಯಾರೆ ಔಷಧ ಕೊಡತಿದ್ದಿವಿ. ನಿಮ್ಮ ವ್ರತಾನೂ ಉಳೀತಿತ್ತು, ಕಾಲಿಗೂ ಇಷ್ಟು ತ್ರಾಸ ಆಗತಿರಲಿಲ್ಲ” ಎಂದರು. ಅಕ್ಕ ತಲೆ ತಗ್ಗಿಸಿ, “ಕೇಳಿದರ ನೀವು ನಗತೀರಿ ಅಂತ ಅಂಜಿದೆರಿ” ಎಂದಳು. ಪ್ರಾಣಿಮೂಲವಲ್ಲದ ಮಾತ್ರೆಯಿಂದ ಮೂರು ತಿಂಗಳು ಚಿಕಿತ್ಸೆ ನಡೆಯಿತು. ಈಗ ಆಕೆ ಊರುಗೋಲಿಲ್ಲದೆ ನಡೆಯುತ್ತಾಳೆ.

ವೈದ್ಯರ ಆ ಮಾತು ಕೇವಲ ಸಮಾಧಾನದ ಮಾತಾಗಿರಲಿಲ್ಲ. ಹೆಪಾರಿನ್ ಎಂಬ ಔಷಧವನ್ನು 1916ರಲ್ಲಿ ಅಮೆರಿಕದಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ ನಾಯಿಯ ಯಕೃತ್ತಿನ ಮೇಲೆ ಪ್ರಯೋಗ ನಡೆಸುವಾಗ ಕಂಡುಕೊಂಡ. ಇಂದು ಅದನ್ನೂ ಅದರಿಂದ ತಯಾರಾಗುವ ಎನಾಕ್ಸಾಪಾರಿನ್ ಮುಂತಾದವುಗಳನ್ನೂ ಮುಖ್ಯವಾಗಿ ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ. ಆದರೆ ಪೂರ್ಣವಾಗಿ ರಾಸಾಯನಿಕ ಕ್ರಮದಿಂದಲೇ ಸಿದ್ಧವಾಗುವ ಫಾಂಡಾಪಾರಿನಕ್ಸ್ ಎಂಬ ಚುಚ್ಚುಮದ್ದು 2001ರಿಂದಲೂ, ರಿವಾರಾಕ್ಸಬಾನ್ ಎಂಬ ಮಾತ್ರೆ 2008ರಿಂದಲೂ ಬಳಕೆಯಲ್ಲಿವೆ. ಅಪಿಕ್ಸಬಾನ್ ಆಮೇಲೆ ಬಂದಿದೆ. ಕೆಲವರಿಗೆ ಆಸ್ಪಿರಿನ್ ಕೂಡ ಸಾಕಾಗುತ್ತದೆ. ಯಾರಿಗೆ ಯಾವುದು ಹೊಂದುತ್ತದೆಂಬುದು ಮೂತ್ರಪಿಂಡದ ಸ್ಥಿತಿ, ರಕ್ತಸ್ರಾವದ ಭಯ, ಇತರ ರೋಗಗಳನ್ನು ನೋಡಿ ವೈದ್ಯರು ನಿರ್ಧರಿಸಬೇಕಾದದ್ದು. ನಾವು ಮಾಡಬೇಕಾದದ್ದು ಒಂದೇ: ಶಸ್ತ್ರಚಿಕಿತ್ಸೆಗೆ ಮುಂಚೆಯೇ ಬಾಯಿಬಿಟ್ಟು ಕೇಳುವುದು.

ಈ ಪ್ರಶ್ನೆ ಕನ್ನಡ ನಾಡಿನ ಜೈನರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿ, ಮದ್ಯ-ಮಾಂಸ-ಮಧುಗಳಿಲ್ಲದೆ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಮಾಂಸಸೇವನೆಯ ನಿರರ್ಥಕತೆಯನ್ನು ಅವರು ನೃಪತುಂಗ ಚಕ್ರವರ್ತಿಯ ಸಭೆಯಲ್ಲಿ ವಿದ್ವಾಂಸರ ಮುಂದೆ ಪ್ರತಿಪಾದಿಸಿದರೆಂದು ಆ ಗ್ರಂಥದ ಕೊನೆಯ ಭಾಗದಿಂದ ತಿಳಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದನು. ಈ ಪೂರ್ವಜರು ಚಿಕಿತ್ಸೆಯನ್ನು ತ್ಯಜಿಸಲಿಲ್ಲ. ಮೌನವಾಗಿ ನರಳಲೂ ಇಲ್ಲ. ಹಿಂಸೆಯಿಲ್ಲದ ಔಷಧ ಯಾವುದೆಂದು ಹುಡುಕಿದರು, ತುಂಬಿದ ಸಭೆಯಲ್ಲಿ ವಾದಿಸಿದರು. ಚಕ್ರವರ್ತಿಯ ಆಸ್ಥಾನದಲ್ಲಿ ಕೇಳಲು ಅಂಜದವರ ಪರಂಪರೆಯವರು ನಾವು ಆಸ್ಪತ್ರೆಯ ಕೋಣೆಯಲ್ಲಿ ಕೇಳಲು ಅಂಜಬೇಕೇಕೆ?

ಬೇರೆ ಔಷಧ ಇಲ್ಲದಾಗ ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಹೃದಯವನ್ನು ನಿಲ್ಲಿಸಿ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ, ಮೂತ್ರಪಿಂಡ ಕೆಟ್ಟವರಲ್ಲಿ ಹೆಪಾರಿನ್ ಅನಿವಾರ್ಯವಾಗುವುದುಂಟು. ಅಂಥ ಸಂದರ್ಭದಲ್ಲಿ ಪ್ರಾಣರಕ್ಷಣೆಗಾಗಿ ಅದನ್ನು ಸ್ವೀಕರಿಸಿದ ಗೃಹಸ್ಥನ ಮೇಲೆ ಸಂಕಲ್ಪೀ ಹಿಂಸೆಯ ದೋಷ ಹೊರಿಸಲಾಗದೆಂಬುದು ನನ್ನ ತಿಳಿವಳಿಕೆ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ನೋಡಿ ನಿರ್ಣಯಿಸಬೇಕೆಂಬ ವಿವೇಕವನ್ನು ನಮ್ಮ ಧರ್ಮವೇ ಕಲಿಸಿದೆ. ಬೇರೆ ಅಭಿಪ್ರಾಯವುಳ್ಳವರನ್ನು ಗೌರವಿಸುತ್ತೇನೆ. ಅವರೂ ತಮ್ಮ ನಿರ್ಣಯವನ್ನು ವೈದ್ಯರೆದುರು, ಮನೆಯವರೆದುರು, ಗುರುಗಳ ಮಾರ್ಗದರ್ಶನದಲ್ಲಿ ತಿಳಿದು ಮಾಡಲಿ. ಗುಟ್ಟಾಗಿ ಮಾಡುವುದು ಬೇಡ.

ಗುಟ್ಟೇ ಇಲ್ಲಿಯ ದೋಷದ ಮೂಲ. ವ್ರತಿಯಾದವನು ನಿಃಶಲ್ಯನಾಗಿರಬೇಕೆಂದು ಶಾಸ್ತ್ರ ಹೇಳುತ್ತದೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಮೊದಲನೆಯದು ಮಾಯೆ — ಒಳಗೊಂದು ಹೊರಗೊಂದು. ಶಲ್ಯವೆಂದರೆ ಒಳಗೆ ಮುರಿದು ಉಳಿದ ಮುಳ್ಳು. ಅದನ್ನು ತೆಗೆಯುವ ವಿದ್ಯೆಗೆ ಆಯುರ್ವೇದದಲ್ಲಿ ಶಲ್ಯತಂತ್ರವೆಂದು ಹೆಸರು. ಶಸ್ತ್ರವೈದ್ಯನು ಮೊಣಕಾಲಿನ ಸವೆದ ಎಲುಬನ್ನು ತೆಗೆದಾನು. ಮನಸ್ಸಿನಲ್ಲಿ ಮುರಿದ ಈ ಮುಳ್ಳನ್ನು ತೆಗೆಯಬೇಕಾದವರು ನಾವೇ. ಮುನಿಗಳ ಚರ್ಯೆಯನ್ನು ನೋಡಿರಿ: ಆಲೋಚನೆಯ ವೇಳೆ ಶಿಷ್ಯನು ಗುರುವಿನೆದುರು ತನ್ನ ದೋಷಗಳಲ್ಲಿ ಯಾವುದನ್ನೂ ಬಚ್ಚಿಡುವಂತಿಲ್ಲ. ನಮ್ಮ ಜಿಲ್ಲೆಯ ಭೋಜ ಗ್ರಾಮದ ಮನೆತನದಿಂದ ಬಂದ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು ದೃಷ್ಟಿ ಕುಂದಿ, ಜೀವರಕ್ಷಣೆ ಮಾಡುತ್ತ ನಡೆಯುವುದು ಅಸಾಧ್ಯವಾದಾಗ 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದರು. ತಮ್ಮ ಶರೀರದ ಸ್ಥಿತಿಯನ್ನು ಅವರು ಸಂಘದಿಂದ ಮರೆಮಾಡಲಿಲ್ಲ. ಸಮಸ್ತ ಸಮಾಜದ ಸಮ್ಮುಖದಲ್ಲಿ ಅದು ನಡೆಯಿತು. ಸಹನೆಯ ಪರಮಾವಧಿಯಲ್ಲಿಯೂ ಮರೆಮಾಚುವಿಕೆಗೆ ಸ್ಥಾನವಿರಲಿಲ್ಲ. ಹೀಗಿರುವಾಗ ಗೃಹಸ್ಥರಾದ ನಾವು ಮೀನಖಂಡದ ನೋವನ್ನು ಬಚ್ಚಿಟ್ಟು ಅದಕ್ಕೆ ಪರೀಷಹವೆಂಬ ದೊಡ್ಡ ಹೆಸರನ್ನಿಡುವುದು ಯೋಗ್ಯವಲ್ಲ.

ಹೇಳುವವರಿದ್ದಂತೆ ಕೇಳುವವರೂ ಬೇಕು. ಆರು ಅಂತರಂಗ ತಪಗಳಲ್ಲಿ ವೈಯಾವೃತ್ತ್ಯವನ್ನೂ ಸೇರಿಸಿದ ಧರ್ಮ ನಮ್ಮದು. ರೋಗಿಯ ಸೇವೆಯೂ ಒಂದು ತಪವೆಂದಮೇಲೆ ಅದನ್ನು ಮನಸ್ಸಿಟ್ಟು ಮಾಡಬೇಕು. “ಹೇಗಿದೆ?” ಎಂದು ಬಾಗಿಲಲ್ಲಿ ನಿಂತು ಕೇಳಿದರೆ “ಆರಾಮ” ಎಂಬ ಉತ್ತರವೇ ಬರುತ್ತದೆ. ಕುಳಿತು, ಕಾಲನ್ನು ನೋಡಿ, ದಿನವೂ ಒಂದೇ ಜಾಗದಲ್ಲಿ ಅಳೆದು ಬರೆದಿಡಬೇಕು. ಎತ್ತರದಲ್ಲಿಟ್ಟರೂ ಇಳಿಯದೆ ಏರುತ್ತಲೇ ಹೋಗುವ ಬಾವು, ಮೀನಖಂಡದ ನೋವು, ಬಿಸಿ, ಕೆಂಪು ಕಂಡರೆ ಅಂದೇ ವೈದ್ಯರಿಗೆ ತಿಳಿಸಬೇಕು. ಜ್ವರ, ಚಳಿ, ಗಾಯದಿಂದ ಕೀವು ಅಥವಾ ನೀರು ಒಸರುವುದು ಸೋಂಕಿನ ಲಕ್ಷಣ; ಅದಕ್ಕೂ ತಡ ಸಲ್ಲದು. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಕಣ್ಣು ಕತ್ತಲಿಟ್ಟರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರನ್ನು ಕೇಳದೆ ಊದಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬಾರದು. ಒಳಗೆ ಹೆಪ್ಪು ಇದ್ದರೆ ಅದು ಕಳಚುವ ಭಯವುಂಟು.

ಅನಸ್ತಮಿತ ನಡೆಸುವವರು ಅದನ್ನೂ ಮೊದಲೇ ತಿಳಿಸಿದರೆ ಬಹಳಷ್ಟು ಮಾತ್ರೆಗಳನ್ನು ಸೂರ್ಯೋದಯ-ಸೂರ್ಯಾಸ್ತಗಳ ನಡುವೆ ಹೊಂದಿಸಿಕೊಡಲು ವೈದ್ಯರಿಗೆ ಸಾಧ್ಯವಿದೆ. ಹಗಲಿನಲ್ಲಿ ಸಾಕಷ್ಟು ಪ್ರಾಸುಕ ನೀರು ಕುಡಿಯಬೇಕು; ಚೇತರಿಕೆಯ ವಾರಗಳಲ್ಲಿ ನಿರ್ಜಲ ಉಪವಾಸವನ್ನು ಗುರುಗಳ ಅನುಜ್ಞೆ ಪಡೆದು ಮುಂದೂಡುವುದು ವಿವೇಕ. ಕ್ಯಾಪ್ಸೂಲಿನ ಹೊರಕವಚ ಬಹುಮಟ್ಟಿಗೆ ಪ್ರಾಣಿಯ ಚರ್ಮ-ಎಲುಬುಗಳಿಂದ ತೆಗೆದ ಜೆಲಾಟಿನ್ ಆಗಿರುತ್ತದೆ. ಅದರ ಬದಲು ಮಾತ್ರೆಯಿದೆಯೇ ಎಂದು ಕೇಳಬಹುದು. ಆದರೆ ಯಾವ ಔಷಧವನ್ನೂ ವೈದ್ಯರಿಗೆ ಹೇಳದೆ ನಿಲ್ಲಿಸಲಾಗದು.

ಕೊನೆಯದಾಗಿ ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ಒಂದು ವಿನಂತಿ. ಕೀಲು ಬದಲಿಸಿಕೊಂಡವರಿಗೆ ನೆಲದ ಮೇಲೆ ಕುಳಿತೇಳುವುದು ಕಷ್ಟ. ಹಲವರಿಗೆ ವೈದ್ಯರೇ ಬೇಡವೆನ್ನುತ್ತಾರೆ. ಇದರಿಂದ ಸಂಕೋಚಗೊಂಡು ಬಸದಿಗೆ ಬರುವುದನ್ನೇ ಬಿಟ್ಟ ಹಿರಿಯರನ್ನು ಬಲ್ಲೆ. ಸ್ವಾಧ್ಯಾಯ ಮಂದಿರದಲ್ಲಿ ಕೈಯಾಸರೆಯುಳ್ಳ ನಾಲ್ಕು ಗಟ್ಟಿ ಕುರ್ಚಿಗಳು, ಮೆಟ್ಟಿಲುಗಳ ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಸರಳು, ಯಾತ್ರಿನಿವಾಸದಲ್ಲಿ ಒಂದಾದರೂ ಎತ್ತರದ ಶೌಚಾಸನ — ಇವಿಷ್ಟಕ್ಕೆ ದೊಡ್ಡ ವೆಚ್ಚವಿಲ್ಲ. ಜಿನಬಿಂಬಗಳೇ ಪದ್ಮಾಸನದಲ್ಲಿಯೂ ಇವೆ, ನಿಂತ ಖಡ್ಗಾಸನದಲ್ಲಿಯೂ ಇವೆ. ಸಮತಾಭಾವಕ್ಕೆ ಒಂದೇ ಆಸನವೆಂಬ ಕಟ್ಟಿಲ್ಲ. ದಶಲಕ್ಷಣ ಪರ್ವದಲ್ಲಿ ಉತ್ತಮ ಕ್ಷಮೆಯ ಬಳಿಕ ಉತ್ತಮ ಮಾರ್ದವ, ಅದರ ಮರುದಿನವೇ ಉತ್ತಮ ಆರ್ಜವ ಬರುತ್ತದೆ. ಆರ್ಜವವೆಂದರೆ ಋಜುತ್ವ, ಒಳಗಿದ್ದುದನ್ನು ಇದ್ದಂತೆ ಹೇಳುವ ನೇರತನ. ಆ ದಿನದ ಪ್ರವಚನದಲ್ಲಿ ರೋಗಿಯು ವೈದ್ಯನಿಗೆ ನಿಜ ಹೇಳುವುದೂ ಆರ್ಜವವೇ ಎಂಬ ಒಂದು ಮಾತನ್ನು ಸೇರಿಸಿದರೆ, ಮನೆಯ ಮೂಲೆಯಲ್ಲಿ ಕಾಲು ಚಾಚಿ ಮೌನವಾಗಿ ಕುಳಿತ ಎಷ್ಟೋ ತಾಯಂದಿರಿಗೆ ಬಾಯಿ ಬಂದೀತು.